ನೋವು ಸೊಂಟದಲ್ಲಿ, ಪಟ್ಟಿ ಹಣೆಯ ಮೇಲೆ: ಮೊಬೈಲ್ ನ್ಯೂರೋಫೀಡ್‌ಬ್ಯಾಕ್ ಏನು ಮಾಡುತ್ತದೆ?

ಸೊಂಟ ನೋವಿಗೆ ಸೊಂಟಕ್ಕೆ ಬೆಲ್ಟ್ ಕಟ್ಟುವುದು ನಮಗೆಲ್ಲ ಗೊತ್ತಿರುವ ಸಂಗತಿ. ಈಗ ಕೆಲವು ಸಂಶೋಧಕರು ಅದೇ ನೋವಿಗೆ ಹಣೆಗೆ ಪಟ್ಟಿ ಕಟ್ಟುತ್ತಿದ್ದಾರೆ. ಪಟ್ಟಿಯ ಒಳಬದಿಯಲ್ಲಿರುವ ಪುಟ್ಟ ಸಂವೇದಕಗಳು ಮಿದುಳಿನ ವಿದ್ಯುತ್ ಏರಿಳಿತವನ್ನು ಚರ್ಮದ ಮೇಲಿಂದಲೇ ಹಿಡಿದು ಬ್ಲೂಟೂತ್ ಮೂಲಕ ಮೊಬೈಲಿಗೆ ಕಳುಹಿಸುತ್ತವೆ. ಮೊಬೈಲಿನಲ್ಲಿರುವ ಆ್ಯಪ್ ಅದನ್ನು ಆ ಕ್ಷಣದಲ್ಲೇ ಲೆಕ್ಕ ಹಾಕಿ, ಸದ್ದಾಗಿಯೋ ಆಟದ ಚಿತ್ರವಾಗಿಯೋ ಬದಲಿಸಿ ತೊಟ್ಟವರಿಗೇ ಹಿಂದಿರುಗಿಸುತ್ತದೆ. ಅವರು ಹತ್ತಿಪ್ಪತ್ತು ನಿಮಿಷ ಕುಳಿತು ಆ ಸದ್ದನ್ನು ಬೇಕಾದ ಕಡೆಗೆ ತಿರುಗಿಸಲು ಕಲಿಯುತ್ತಾರೆ. ಮಾರುಕಟ್ಟೆಯಲ್ಲಿರುವ ಒಂದು ಜನಪ್ರಿಯ ಹಣೆಪಟ್ಟಿಯಲ್ಲಿ ಮನಸ್ಸು ಅಲೆಯುವಾಗ ಗಾಳಿಮಳೆಯ ಸದ್ದು ಜೋರಾಗುತ್ತದೆ, ಶಾಂತವಾದಾಗ ಹಕ್ಕಿಯ ದನಿ ಕೇಳಿಸುತ್ತದೆ. ಮೊಬೈಲ್ ನ್ಯೂರೋಫೀಡ್‌ಬ್ಯಾಕ್ ಎಂದರೆ ಇಷ್ಟೇ.

ಇದರಲ್ಲಿ ಔಷಧವಿಲ್ಲ, ಸೂಜಿಯಿಲ್ಲ, ಮಿದುಳಿಗೆ ವಿದ್ಯುತ್ ಹಾಯಿಸುವುದೂ ಇಲ್ಲ. ಪಟ್ಟಿ ಅಳೆಯುತ್ತದೆ, ತಿಳಿಸುತ್ತದೆ; ಉಳಿದ ಕೆಲಸ ತೊಟ್ಟವರದು. ಹಾಗಾಗಿ ಓದುಗರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುವುದು ಸಹಜ. ಸೊಂಟದ ನೋವಿಗೆ ತಲೆಯಲ್ಲಿ ಮದ್ದು ಹುಡುಕುವುದೇಕೆ? ಇದರಿಂದ ನೋವು ನಿಜಕ್ಕೂ ಇಳಿಯುತ್ತದೆಯೇ? ಮೊದಲನೆಯ ಪ್ರಶ್ನೆಗೆ ವಿಜ್ಞಾನದ ಬಳಿ ಸಾಕಷ್ಟು ಗಟ್ಟಿಯಾದ ಉತ್ತರವಿದೆ. ಎರಡನೆಯದಕ್ಕೆ ಸಿಕ್ಕಿರುವುದು ಆರಂಭದ ಸುಳಿವುಗಳು ಮಾತ್ರ. ಜಾಹೀರಾತುಗಳು ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ಮೊದಲನೆಯದರ ಬಲವನ್ನು ಎರಡನೆಯದಕ್ಕೆ ಎರವಲು ಕೊಡುತ್ತವೆ. ವರ್ಷಗಟ್ಟಲೆ ನರಳಿದವರು ಇಂಥ ಮಾತಿಗೆ ಬೇಗ ಒಲಿಯುತ್ತಾರೆ. ಅದಕ್ಕೇ ಎರಡನ್ನೂ ಬಿಡಿಸಿ ನೋಡಬೇಕೆಂದು ನನಗೆ ಅನ್ನಿಸುತ್ತದೆ.

ಸ್ಕ್ಯಾನ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರಿಗೆ ಕೆಳಬೆನ್ನಿನ ನೋವಿತ್ತು ಎಂದು ಜಾಗತಿಕ ರೋಗಭಾರದ ಅಧ್ಯಯನ ಅಂದಾಜು ಮಾಡಿದೆ. 2050ರ ಹೊತ್ತಿಗೆ ಈ ಸಂಖ್ಯೆ 84 ಕೋಟಿ ದಾಟಬಹುದು. ಅಂಗವೈಕಲ್ಯಕ್ಕೆ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಕಾರಣ ಬೇರೊಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಈ ನೋವುಗಳಲ್ಲಿ ನೂರಕ್ಕೆ 90ರಷ್ಟಕ್ಕೆ ಮುರಿತ, ಸೋಂಕು, ಗಡ್ಡೆ, ನರದ ಮೇಲಿನ ಒತ್ತಡದಂಥ ನಿರ್ದಿಷ್ಟ ಕಾರಣವನ್ನು ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ.

ಹಾಗಿದ್ದರೆ ಎಂಆರ್‌ಐ ವರದಿಯಲ್ಲಿ ಬರುವ ಡಿಸ್ಕ್ ಸವೆತ, ಡಿಸ್ಕ್ ಉಬ್ಬು ಇವೆಲ್ಲ ಏನು? 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆ ಬೆನ್ನು ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿತು. ಇಪ್ಪತ್ತರ ಹರೆಯದವರಲ್ಲೇ ನೂರಕ್ಕೆ 37 ಮಂದಿಗೆ ಡಿಸ್ಕ್ ಸವೆತ ಕಂಡಿತು. ಎಂಬತ್ತರ ಆಸುಪಾಸಿನವರಲ್ಲಿ 96 ಮಂದಿಗೆ. ಡಿಸ್ಕ್ ಉಬ್ಬು ಇಪ್ಪತ್ತರಲ್ಲಿ ನೂರಕ್ಕೆ 30, ಎಂಬತ್ತರಲ್ಲಿ 84. ಇವರಾರಿಗೂ ನೋವಿರಲಿಲ್ಲ. ವಯಸ್ಸಾದಂತೆ ಕೂದಲು ನರೆಯುತ್ತದೆ, ಡಿಸ್ಕ್ ಒಣಗುತ್ತದೆ. ಆದರೆ ಚಿತ್ರವನ್ನು ಬೆಳಕಿಗೆ ಹಿಡಿದು "ಗ್ಯಾಪ್ ಬಂದಿದೆ", "ಡಿಸ್ಕ್ ಜಾರಿದೆ", "ಇನ್ನು ಬಗ್ಗಬೇಡಿ" ಎಂದು ಹೇಳಿದ ಮಾತು ರೋಗಿಯ ಮನಸ್ಸಿನಲ್ಲಿ ಜೀವನಪೂರ್ತಿ ಉಳಿಯುತ್ತದೆ. ಆ ಹೆದರಿಕೆಯಿಂದ ಓಡಾಟ ಕಡಿಮೆಯಾಗುತ್ತದೆ, ಸ್ನಾಯು ಸೋಲುತ್ತದೆ, ನೋವು ಹೆಚ್ಚುತ್ತದೆ.

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದ ನೋವನ್ನು ವೈದ್ಯರು ದೀರ್ಘಕಾಲಿಕ ಎನ್ನುತ್ತಾರೆ. ಬೆನ್ನಿನ ಉಳುಕು, ಸ್ನಾಯುವಿನ ಸೆಳೆತ ಅಷ್ಟರಲ್ಲಿ ಸಾಮಾನ್ಯವಾಗಿ ವಾಸಿಯಾಗಿರುತ್ತವೆ. ಹಾಗಾದರೆ ಉಳಿದ ನೋವು ಎಲ್ಲಿಂದ ಬರುತ್ತಿದೆ? ಸೊಂಟದ ನರತುದಿಗಳಿಂದ ಹೊರಟ ಸಂಕೇತ ಬೆನ್ನುಹುರಿಯ ಮೂಲಕ ಮೇಲೇರಿ, ಥಾಲಮಸ್ ಎಂಬ ಜಂಕ್ಷನ್ ದಾಟಿ, ಮಿದುಳಿನ ಅನೇಕ ಭಾಗಗಳಿಗೆ ಹಂಚಿಹೋಗುತ್ತದೆ. ಮಿದುಳಿನಿಂದ ಕೆಳಕ್ಕೆ ಇಳಿಯುವ ನರಮಾರ್ಗಗಳೂ ಇವೆ. ಅವು ಬೆನ್ನುಹುರಿಯ ಮಟ್ಟದಲ್ಲೇ ಈ ಸಂಕೇತವನ್ನು ತಗ್ಗಿಸಬಲ್ಲವು, ಹಿಗ್ಗಿಸಲೂಬಲ್ಲವು. ನೋವಿನ ಸಂಕೇತ ತಿಂಗಳುಗಟ್ಟಲೆ ಬರುತ್ತಲೇ ಇದ್ದರೆ ಬೆನ್ನುಹುರಿಯ ನರಕೋಶಗಳು ಅತಿಸೂಕ್ಷ್ಮವಾಗುತ್ತವೆ. ಆಮೇಲೆ ಸಣ್ಣ ಒತ್ತಡವೂ ದೊಡ್ಡ ನೋವಾಗಿ ಕೇಳಿಸುತ್ತದೆ.

ಮಿದುಳಿನೊಳಗೂ ಬದಲಾವಣೆ ಆಗುತ್ತದೆ. ಶಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವಾನಿಯಾ ಅಪ್ಕೇರಿಯನ್ ಮತ್ತು ಸಂಗಡಿಗರು ಹೊಸದಾಗಿ ಬೆನ್ನು ನೋವು ಬಂದವರನ್ನು ಒಂದು ವರ್ಷ ಕಾಲ ಸ್ಕ್ಯಾನ್ ಮಾಡುತ್ತ ಹಿಂಬಾಲಿಸಿದರು. ಕೆಲವರಿಗೆ ವಾಸಿಯಾಯಿತು, ಕೆಲವರಿಗೆ ನೋವು ನೆಲೆಯೂರಿತು. ಯಾರಿಗೆ ಏನಾಗುವುದೆಂಬುದನ್ನು ಆರಂಭದಲ್ಲೇ ಸೂಚಿಸಿದ್ದು ಮಿದುಳಿನ ಎರಡು ಭಾಗಗಳ ನಡುವಿನ ಸಂಪರ್ಕ: ಭಾವನೆ ಮತ್ತು ಬೆಲೆಕಟ್ಟುವಿಕೆಯ ಮುಂಭಾಗ ಒಂದು, ಪ್ರೇರಣೆ ಮತ್ತು ಕಲಿಕೆಗೆ ಸಂಬಂಧಿಸಿದ ಒಳಭಾಗ ಇನ್ನೊಂದು. 2012ರಲ್ಲಿ ಪ್ರಕಟವಾದ ಈ ಕೆಲಸ, ದೀರ್ಘಕಾಲದ ನೋವಿನಲ್ಲಿ ಕಲಿಕೆಯ ಅಂಶವಿದೆ ಎಂಬ ಯೋಚನೆಗೆ ಬಲ ಕೊಟ್ಟಿತು. ನರಮಂಡಲ ನೋವನ್ನು ಅಭ್ಯಾಸ ಮಾಡಿಕೊಂಡಿರುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ನೋವಿನಲ್ಲಿ ಮಿದುಳಿನ ಪಾಲಿದೆ ಎಂದರೆ ನೋವು ಸುಳ್ಳು ಎಂದಲ್ಲ. "ಏನೂ ಇಲ್ಲ, ಎಲ್ಲ ಮನಸ್ಸಿನದು" ಎಂದು ಹೇಳಿ ಕಳುಹಿಸುವುದು ವೈಜ್ಞಾನಿಕವಾಗಿಯೂ ತಪ್ಪು, ಮನುಷ್ಯತ್ವದ ದೃಷ್ಟಿಯಿಂದಲೂ ತಪ್ಪು. ಬೆಳಿಗ್ಗೆ ಹಾಸಿಗೆಯಿಂದ ಏಳಲಾಗದೆ ಗೋಡೆ ಹಿಡಿದು ನಿಲ್ಲುವವರ ನೋವು ಮೂಳೆ ಮುರಿದವರ ನೋವಿನಷ್ಟೇ ನಿಜ. ಅದನ್ನು ಹುಟ್ಟಿಸುತ್ತಿರುವ ಯಂತ್ರಾಂಗ ಬೇರೆ, ಅಷ್ಟೆ. ಯಂತ್ರಾಂಗ ಬೇರೆಯಾದರೆ ಚಿಕಿತ್ಸೆಯೂ ಬೇರೆ ದಾರಿಯಿಂದ ಬರಬಹುದು. ಅಮೆರಿಕದ ಕೊಲರಾಡೋದಲ್ಲಿ ನಡೆದ ಒಂದು ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. 151 ಮಂದಿ ಬೆನ್ನುನೋವಿನವರಲ್ಲಿ ಒಂದು ಗುಂಪಿಗೆ, ನೋವನ್ನು ಅಪಾಯದ ಸೂಚನೆಯೆಂದು ಓದುವುದನ್ನು ಬಿಡಿಸುವ ಮಾತಿನ ಚಿಕಿತ್ಸೆ ಕೊಟ್ಟರು. ಚಿಕಿತ್ಸೆ ಮುಗಿದಾಗ ಆ ಗುಂಪಿನಲ್ಲಿ ನೂರಕ್ಕೆ 66 ಮಂದಿಗೆ ನೋವು ಇಲ್ಲವಾಗಿತ್ತು ಅಥವಾ ಇಲ್ಲವೆನ್ನುವಷ್ಟು ಕಡಿಮೆಯಾಗಿತ್ತು. ಹುಸಿ ಚುಚ್ಚುಮದ್ದು ಪಡೆದವರಲ್ಲಿ ಇದು 20, ಎಂದಿನ ಆರೈಕೆಯಲ್ಲಿದ್ದವರಲ್ಲಿ 10.

ಅಂದರೆ ಸೊಂಟದ ನೋವನ್ನು ತಲೆಯ ಕಡೆಯಿಂದ ಮುಟ್ಟಲು ಸಾಧ್ಯ. ಹಣೆಪಟ್ಟಿಯ ಹಿಂದಿರುವ ತರ್ಕ ಅಸಂಬದ್ಧವೇನಲ್ಲ.

ಮಿದುಳಿನ ಅಲೆಯನ್ನು ಕಿವಿಗೆ ಕೇಳಿಸುವುದು

ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲು ದಾಖಲಿಸಿದವರು ಜರ್ಮನಿಯ ಜೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್; 1924ರಲ್ಲಿ ದಾಖಲಿಸಿ 1929ರಲ್ಲಿ ಪ್ರಕಟಿಸಿದರು. ಕಣ್ಣು ಮುಚ್ಚಿದಾಗ ಸೆಕೆಂಡಿಗೆ ಸುಮಾರು ಹತ್ತು ಬಾರಿ ಏರಿಳಿಯುವ ಅಲೆ ಏಳುತ್ತದೆ, ಕಣ್ಣು ತೆರೆದಾಗ ಅದು ಅಡಗುತ್ತದೆ ಎಂಬುದನ್ನು ಕಂಡವರೂ ಅವರೇ. ಅದೇ ಆಲ್ಫಾ. ಇಂದು 4ರಿಂದ 8 ಹರ್ಟ್ಸ್ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಏರಿಳಿತ ಎಂಬ ಲೆಕ್ಕ) ನಡುವಿನದನ್ನು ಥೀಟಾ, 8ರಿಂದ 13ರವರೆಗಿನದನ್ನು ಆಲ್ಫಾ, ಅದಕ್ಕೂ ಮೇಲೆ ಸುಮಾರು 30ರವರೆಗಿನದನ್ನು ಬೀಟಾ ಎನ್ನುತ್ತಾರೆ. ಇವು ಬೇರೆ ಬೇರೆ ಅಲೆಗಳಾಗಿ ಸಾಲುಗಟ್ಟಿ ಬರುವುದಿಲ್ಲ. ಎಲ್ಲವೂ ಒಂದರ ಮೇಲೊಂದು ಬೆರೆತಿರುತ್ತವೆ. ಯಾವುದರ ಪಾಲು ಎಷ್ಟು ಎಂಬುದನ್ನು ಗಣಿತ ಬಿಡಿಸಿ ಕೊಡುತ್ತದೆ.

1950ರ ದಶಕದ ಕೊನೆಯಲ್ಲಿ ಶಿಕಾಗೋದ ಜೋ ಕಾಮಿಯಾ ಒಂದು ಸರಳ ಪ್ರಯೋಗ ಮಾಡಿದರು. ಕಣ್ಣು ಮುಚ್ಚಿ ಕುಳಿತವರಿಗೆ ಆಗಾಗ ಗಂಟೆ ಬಾರಿಸಿ, ಈಗ ನಿಮ್ಮಲ್ಲಿ ಆಲ್ಫಾ ಇದೆಯೋ ಇಲ್ಲವೋ ಊಹಿಸಿ ಎಂದು ಕೇಳಿ, ಉತ್ತರ ಸರಿಯೋ ತಪ್ಪೋ ಹೇಳುತ್ತಿದ್ದರು. ಮೊದಮೊದಲು ತಡವರಿಸಿದವರು ಬರಬರುತ್ತ ಸರಿಯಾಗಿ ಹೇಳತೊಡಗಿದರು. ಆಮೇಲೆ ಬೇಕೆಂದಾಗ ಆಲ್ಫಾವನ್ನು ಏರಿಸಲೂ ಕಲಿತರು. ಹೇಗೆ ಮಾಡಿದಿರಿ ಎಂದರೆ ಮಾತಿನಲ್ಲಿ ಹೇಳುವುದು ಅವರಿಗೆ ಕಷ್ಟವಾಗುತ್ತಿತ್ತು.

ಸಂಗೀತ ಕಲಿಯುವ ಮಗು ತಂಬೂರಿಯ ಶ್ರುತಿಗೆ ದನಿ ಕೂಡಿಸುವುದನ್ನು ನೆನೆಯಿರಿ. ಗಂಟಲಿನ ಯಾವ ಸ್ನಾಯುವನ್ನು ಎಷ್ಟು ಬಿಗಿಯಬೇಕೆಂದು ಗುರುಗಳು ಹೇಳುವುದಿಲ್ಲ, ಹೇಳಲೂ ಆಗದು. ದನಿ ಕೂಡಿತೋ ಇಲ್ಲವೋ ಎಂಬುದನ್ನು ಕಿವಿ ಆ ಕ್ಷಣಕ್ಕೇ ತಿಳಿಸುತ್ತದೆ, ಗಂಟಲು ತನಗೆ ತಾನೇ ಸರಿಹೋಗುತ್ತದೆ. ನ್ಯೂರೋಫೀಡ್‌ಬ್ಯಾಕ್ ಮಿದುಳಿಗೆ ಅಂಥದೊಂದು ಕಿವಿಯನ್ನು ಕೊಡಲು ನೋಡುತ್ತದೆ. ಫಲಿತಾಂಶ ತಕ್ಷಣ ತಿಳಿಯಬೇಕು, ತಪ್ಪದೆ ತಿಳಿಯಬೇಕು. ಇಲ್ಲದಿದ್ದರೆ ಕಲಿಕೆ ಆಗುವುದಿಲ್ಲ.

ಈ ಕ್ಷೇತ್ರದ ಇನ್ನೊಂದು ಹೆಸರು ಕ್ಯಾಲಿಫೋರ್ನಿಯಾದ ಬ್ಯಾರಿ ಸ್ಟರ್ಮನ್. 1960ರ ದಶಕದಲ್ಲಿ ಅವರು ಬೆಕ್ಕುಗಳಿಗೆ, ಚಲನೆಯನ್ನು ನಿಯಂತ್ರಿಸುವ ಭಾಗದ ಮೇಲೆ ಏಳುವ 12ರಿಂದ 15 ಹರ್ಟ್ಸ್‌ನ ಅಲೆ ಕಾಣಿಸಿದಾಗಲೆಲ್ಲ ಆಹಾರ ಕೊಟ್ಟು ಅದನ್ನು ಹೆಚ್ಚಿಸಲು ಕಲಿಸಿದರು. ಬೇರೊಂದು ಕೆಲಸಕ್ಕಾಗಿ ರಾಕೆಟ್ ಇಂಧನದ ವಿಷದ ಪರಿಣಾಮವನ್ನು ಬೆಕ್ಕುಗಳ ಮೇಲೆ ಪರೀಕ್ಷಿಸುವಾಗ, ಹೀಗೆ ತರಬೇತಾಗಿದ್ದ ಬೆಕ್ಕುಗಳಿಗೆ ಸೆಳವು (ಫಿಟ್ಸ್) ಬರುವುದು ತಡವಾಯಿತು. ಚಿಕಿತ್ಸೆ ಫಲಿಸುತ್ತದೆ ಎಂಬ ನಂಬಿಕೆ ಬೆಕ್ಕಿಗೆ ಇರುವುದಿಲ್ಲ. ಈ ಪ್ರಯೋಗಕ್ಕೆ ಇಂದಿಗೂ ತೂಕವಿರುವುದು ಅದರಿಂದಲೇ. 1972ರಲ್ಲಿ ಸ್ಟರ್ಮನ್ ಮೂರ್ಛೆರೋಗವಿದ್ದ ವ್ಯಕ್ತಿಯೊಬ್ಬರಿಗೆ ಇದೇ ತರಬೇತಿ ಕೊಟ್ಟ ವರದಿ ಪ್ರಕಟಿಸಿದರು, ಅಲ್ಲಿಂದ ಈ ವಿಧಾನ ಮನುಷ್ಯರ ಚಿಕಿತ್ಸೆಗೆ ಕಾಲಿಟ್ಟಿತು. ನಮ್ಮಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು ತಲೆಗೆ ಪೆಟ್ಟಾದವರ ಪುನಶ್ಚೇತನಕ್ಕೆ ಇಇಜಿ (ಮಿದುಳಿನ ವಿದ್ಯುತ್ತನ್ನು ತಲೆಯ ಮೇಲಿಂದ ದಾಖಲಿಸುವ ವಿಧಾನ) ನ್ಯೂರೋಫೀಡ್‌ಬ್ಯಾಕ್ ಬಳಸಿ ಅಧ್ಯಯನಗಳನ್ನು ಪ್ರಕಟಿಸಿದ್ದಾರೆ.

ನೋವಿನ ವಿಷಯದಲ್ಲಿ ಯಾವ ಅಲೆಯನ್ನು ಏರಿಸಬೇಕು, ಯಾವುದನ್ನು ಇಳಿಸಬೇಕು? ಹೆಚ್ಚಿನವರು ಹಿಡಿದಿರುವ ಸೂತ್ರ ಹೀಗಿದೆ: ಥೀಟಾ ಇಳಿಯಲಿ, ಆಲ್ಫಾ ಏರಲಿ, ಬೀಟಾದ ಮೇಲ್ತುದಿ ಇಳಿಯಲಿ. ಇದರ ಹಿಂದಿನ ಕಲ್ಪನೆಯೆಂದರೆ, ದೀರ್ಘಕಾಲದ ನೋವಿನಲ್ಲಿ ಥಾಲಮಸ್ ಮತ್ತು ಮಿದುಳಿನ ಹೊರಪದರದ ನಡುವಿನ ಲಯ ತಪ್ಪಿ ನಿಧಾನದ ಅಲೆಗಳು ಹೆಚ್ಚಾಗುತ್ತವೆ, ತರಬೇತಿಯಿಂದ ಆ ಲಯವನ್ನು ಹಿಂದಕ್ಕೆ ತರಬಹುದು ಎನ್ನುವುದು. ನರಕ್ಕೇ ಹಾನಿಯಾದಾಗ ಬರುವ ನೋವಿನಲ್ಲಿ ಇದಕ್ಕೆ ಕೆಲವು ಆಧಾರಗಳಿವೆ. ಸಾಮಾನ್ಯ ಬೆನ್ನು ನೋವಿನಲ್ಲಿ ಚಿತ್ರ ಅಷ್ಟು ಸ್ಪಷ್ಟವಿಲ್ಲ. ಮ್ಯೂನಿಕ್‌ನ ಸಂಶೋಧಕರು 101 ದೀರ್ಘಕಾಲಿಕ ನೋವಿನ ರೋಗಿಗಳ ಮತ್ತು 84 ಆರೋಗ್ಯವಂತರ ಇಇಜಿಯನ್ನು ಹೋಲಿಸಿ 2019ರಲ್ಲಿ ವರದಿ ಮಾಡಿದರು. ಆಲ್ಫಾ, ಥೀಟಾಗಳ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ಮಿದುಳಿನ ಮುಂಭಾಗದ ಪ್ರದೇಶಗಳಲ್ಲಿ ಮಾತ್ರ ಥೀಟಾ ಅಲೆಗಳ ಮತ್ತು ಬೀಟಾಗಿಂತ ವೇಗದ ಗಾಮಾ ಅಲೆಗಳ ಮಟ್ಟದಲ್ಲಿ ಸಂಪರ್ಕ ರೋಗಿಗಳಲ್ಲಿ ಹೆಚ್ಚಿತ್ತು. ಇಇಜಿಯನ್ನಷ್ಟೇ ನೋಡಿ ಇವರು ರೋಗಿ, ಇವರಲ್ಲ ಎಂದು ಕಂಪ್ಯೂಟರಿನಿಂದ ಗುರುತಿಸಲು ಹೊರಟಾಗ ನೂರಕ್ಕೆ 57 ಬಾರಿ ಮಾತ್ರ ಸರಿಯಾಯಿತು. ನಾಣ್ಯ ಚಿಮ್ಮಿದರೂ 50 ಸರಿಯಾಗುತ್ತದೆ. ನಿಮ್ಮ ಮಿದುಳಿನಲ್ಲಿ ನೋವಿನ ಗುರುತು ಇಂಥ ಜಾಗದಲ್ಲಿದೆ ಎಂದು ಬಣ್ಣದ ನಕ್ಷೆ ತೋರಿಸುವ ಯಾರನ್ನೇ ಆದರೂ ಈ ಸಂಖ್ಯೆಯನ್ನು ನೆನಪಿಟ್ಟುಕೊಂಡು ಪ್ರಶ್ನಿಸಬೇಕು.

ಪಟ್ಟಿಯ ಮಿತಿಯೂ ಇದೆ. ತಲೆಬುರುಡೆಯ ಆಚೆಗೆ ತಲುಪುವ ಮಿದುಳಿನ ಸಂಕೇತ ಕೆಲವು ಹತ್ತು ಮೈಕ್ರೋವೋಲ್ಟ್‌ಗಳಷ್ಟು, ಅಂದರೆ ವೋಲ್ಟಿನ ಹತ್ತು ಲಕ್ಷದ ಭಾಗಗಳಲ್ಲಿ ಎಣಿಸುವಂಥದ್ದು. ರೆಪ್ಪೆ ಬಡಿದರೆ, ಹಲ್ಲು ಕಚ್ಚಿದರೆ, ಹುಬ್ಬು ಗಂಟಿಕ್ಕಿದರೆ ಏಳುವ ವಿದ್ಯುತ್ ಅದಕ್ಕಿಂತ ಎಷ್ಟೋ ಜೋರು. ಪ್ರಯೋಗಾಲಯದಲ್ಲಿ ಜೆಲ್ ಹಚ್ಚಿ ತಲೆಯ ತುಂಬ ಹತ್ತಾರು ವಿದ್ಯುದ್ವಾರಗಳನ್ನು ಕೂರಿಸುತ್ತಾರೆ. ಮ್ಯೂಸ್ ಎಂಬ ಹಣೆಪಟ್ಟಿಯಲ್ಲಿ ಇರುವುದು ನಾಲ್ಕು ಸ್ಥಾನ: ಹಣೆಯ ಮೇಲೆ ಎರಡು, ಕಿವಿಗಳ ಹಿಂದೆ ಎರಡು. ಸೊಂಟದ ಸ್ಪರ್ಶವನ್ನು ಗ್ರಹಿಸುವ ಭಾಗವಿರುವುದು ನೆತ್ತಿಯ ಕೆಳಗೆ. ಅಲ್ಲಿ ಈ ಪಟ್ಟಿಗೆ ಕಣ್ಣಿಲ್ಲ. ಹಣೆಯ ಸ್ನಾಯು ಸಡಿಲಿಸಿದರೂ ಆ್ಯಪಿನಲ್ಲಿ ಹಕ್ಕಿ ಕೂಗಬಹುದು. ಸ್ನಾಯು ಸಡಿಲವಾದದ್ದು ಒಳ್ಳೆಯದೇ. ಆದರೆ ಅದನ್ನು ಮಿದುಳಿನ ಲಯ ಬದಲಾಯಿತು ಎಂದು ಲೆಕ್ಕ ಹಿಡಿಯಲಾಗದು. ತೂಕಡಿಕೆ ಬಂದರೂ ಲೆಕ್ಕ ತಪ್ಪುತ್ತದೆ: ಆಲ್ಫಾ ಕರಗಿ ಥೀಟಾ ಏರುತ್ತದೆ.

ಮನೆಯಲ್ಲಿ ಅಭ್ಯಾಸ

ಇಷ್ಟೆಲ್ಲ ಮಿತಿಯಿರುವ ಪಟ್ಟಿಯನ್ನು ಸಂಶೋಧಕರು ಹಿಡಿದುಕೊಂಡದ್ದಕ್ಕೆ ಕಾರಣವಿದೆ. ಕ್ಲಿನಿಕ್ಕಿನ ನ್ಯೂರೋಫೀಡ್‌ಬ್ಯಾಕ್‌ಗೆ ಇಪ್ಪತ್ತು, ಮೂವತ್ತು, ಒಮ್ಮೊಮ್ಮೆ ನಲವತ್ತು ಭೇಟಿಗಳು ಬೇಕಾಗುತ್ತವೆ. ಕುಳಿತುಕೊಳ್ಳುವುದೇ ಯಾತನೆಯಾಗಿರುವವರನ್ನು ವಾರಕ್ಕೆ ಎರಡು ಮೂರು ಬಾರಿ ಬಸ್ಸಿನಲ್ಲಿ ಕೂರಿಸಿ ಕರೆಸಿಕೊಳ್ಳುವುದು ಎಂಥ ಚಿಕಿತ್ಸೆ? ಕೂಲಿ ಬಿಟ್ಟು, ಮಗುವನ್ನು ಯಾರಿಗೋ ಒಪ್ಪಿಸಿ ಬರಬೇಕು. ಚಿಕಿತ್ಸೆ ಮನೆಗೆ ಬರಬಹುದಾದರೆ ಅದು ಸಣ್ಣ ಅನುಕೂಲವಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು ಬೆನ್ನುಹುರಿಗೆ ಪೆಟ್ಟಾಗಿ ನರದ ನೋವಿನಲ್ಲಿದ್ದವರಿಗೆ ಇದನ್ನು ಮನೆಯಲ್ಲೇ, ತಮ್ಮಷ್ಟಕ್ಕೆ ತಾವೇ ಬಳಸಲು ಕಲಿಸಿ, ಅದು ಸಾಧ್ಯ ಎಂದು ತೋರಿಸಿದರು.

ಮೊಬೈಲ್ ರೂಪದ ಅಧ್ಯಯನಗಳಲ್ಲಿ ಹೆಚ್ಚು ಉಲ್ಲೇಖಗೊಳ್ಳುವುದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಎರಿಕ್ ಎಲ್ಬೋಗೆನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ್ದು. ದೀರ್ಘಕಾಲದ ನೋವು, ತಲೆಯ ಪೆಟ್ಟು, ಯುದ್ಧದ ಆಘಾತದ ನಂತರದ ಮಾನಸಿಕ ತೊಂದರೆ, ಈ ಮೂರೂ ಇದ್ದ 41 ಮಾಜಿ ಸೈನಿಕರಿಗೆ ಹಣೆಪಟ್ಟಿ ಮತ್ತು ಪುಟ್ಟ ಸಾಧನವೊಂದನ್ನು ಕೊಟ್ಟು ಮೂರು ತಿಂಗಳು ಮನೆಯಲ್ಲಿ ಅಭ್ಯಾಸ ಮಾಡಿಸಿದರು. ನೋವಿನ ತೀವ್ರತೆ ಇಳಿಯಿತು. ನಿದ್ರೆ, ಖಿನ್ನತೆ, ಸಿಟ್ಟು ಇವುಗಳಲ್ಲೂ ಸುಧಾರಣೆ ಕಂಡಿತು. ಸುಮಾರು ಮೂರರಲ್ಲಿ ಎರಡು ಬಾರಿ, ಅಭ್ಯಾಸಕ್ಕೆ ಕೂರುವ ಮುಂಚಿಗಿಂತ ಎದ್ದ ಮೇಲೆ ನೋವು ಕಡಿಮೆಯಿದೆ ಎಂದು ಅವರು ದಾಖಲಿಸಿದರು. ನೋವು ಮಾತ್ರೆಗಳ ಅತಿಬಳಕೆಯಿಂದ ಬಹಳ ಕಷ್ಟ ಅನುಭವಿಸಿದ ಸಮುದಾಯಕ್ಕೆ ಇದು ದೊಡ್ಡ ಸುದ್ದಿ. ಆದರೆ ಆ ಅಧ್ಯಯನದಲ್ಲಿ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಏಕೆ ಈ ಸಂಗತಿ ಮುಖ್ಯ ಎಂಬುದಕ್ಕೆ ಮುಂದೆ ಬರುತ್ತೇನೆ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಿಲ್ವಿಯಾ ಗಸ್ಟಿನ್ ಮತ್ತು ನೆಗಿನ್ ಹೆಸಮ್-ಶರಿಯಾತಿ ಅವರ ತಂಡ ಪೇನ್‌ವೇವ್ ಎಂಬ ವ್ಯವಸ್ಥೆಯನ್ನು ರೂಪಿಸಿದೆ: ತ್ರೀಡಿ ಮುದ್ರಣದಲ್ಲಿ ತಯಾರಾದ, ಸುಮಾರು 300 ಡಾಲರ್ ವೆಚ್ಚದ ತಲೆಪಟ್ಟಿ, ಟ್ಯಾಬ್ಲೆಟ್ಟಿನಲ್ಲಿ ಆಡುವ ಆಟಗಳು. ಅದರ ಮೊದಲ ಪ್ರಯೋಗ 2025ರಲ್ಲಿ ಪ್ರಕಟವಾಯಿತು. ಕಣ್ಣಿನ ಕಾರ್ನಿಯಾದ ನರನೋವಿನ ನಾಲ್ಕು ಮಂದಿ ನಾಲ್ಕು ವಾರ ಮನೆಯಲ್ಲಿ ಅಭ್ಯಾಸ ಮಾಡಿದರು. ಮೂವರಲ್ಲಿ ನೋವು ಗಮನಾರ್ಹವಾಗಿ ಇಳಿಯಿತು. ನಾಲ್ಕು ಜನರಿಂದ ಯಾರೂ ತೀರ್ಮಾನಕ್ಕೆ ಬರಲಾಗದು ಎಂಬುದು ಆ ತಂಡಕ್ಕೂ ಗೊತ್ತು. ಅವರು ದೀರ್ಘಕಾಲದ ಕೆಳಬೆನ್ನಿನ ನೋವಿಗೆಂದೇ ದೊಡ್ಡ ಪ್ರಯೋಗವೊಂದನ್ನು ಕೈಗೆತ್ತಿಕೊಂಡಿದ್ದಾರೆ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದಲ್ಲಿಯೂ ಇದೇ ನೋವಿನ ಮೇಲೆ, ಹುಸಿ ತರಬೇತಿಯ ಗುಂಪನ್ನೂ ಇಟ್ಟುಕೊಂಡ ಪ್ರಾಥಮಿಕ ಅಧ್ಯಯನಗಳು ನಡೆದಿವೆ.

ಹುಸಿ ತರಬೇತಿ ಏಕೆ ಬೇಕು

ಬೆನ್ನು ನೋವು ಏರಿಳಿಯುವ ಕಾಯಿಲೆ. ಜನ ಹೊಸ ಚಿಕಿತ್ಸೆಗೆ ಹೆಸರು ಕೊಡುವುದು ನೋವು ತುತ್ತತುದಿಗೆ ಏರಿದಾಗ. ಅಲ್ಲಿಂದ ಅದು ಏನೂ ಮಾಡದಿದ್ದರೂ ಸ್ವಲ್ಪ ಇಳಿಯುವುದೇ ಸಹಜ. ಅದೇ ವೇಳೆಗೆ ಪಟ್ಟಿ ಕಟ್ಟಿದ್ದರೆ ಪಟ್ಟಿಗೆ ಕೀರ್ತಿ ಸಲ್ಲುತ್ತದೆ. ಇದರ ಮೇಲೆ ನಿರೀಕ್ಷೆಯ ಬಲವೂ ಸೇರುತ್ತದೆ. ನಿಮ್ಮ ಮಿದುಳಿನ ಅಲೆಯನ್ನೇ ಪರದೆಯ ಮೇಲೆ ತೋರಿಸುವ ಸಾಧನ ಎಬ್ಬಿಸುವ ನಿರೀಕ್ಷೆ ಸಕ್ಕರೆ ಗುಳಿಗೆಗಿಂತ ಎಷ್ಟೋ ಹೆಚ್ಚು. ಜೊತೆಗೆ ದಿನಕ್ಕೆ ಹತ್ತು ನಿಮಿಷ ಯಾರೂ ಕರೆಯದ ಜಾಗದಲ್ಲಿ ಕಣ್ಣು ಮುಚ್ಚಿ ಉಸಿರಾಡುವುದು ತಾನೇ ಒಂದು ಆರೈಕೆ. ಕಾಳಜಿಯಿಂದ ಫೋನ್ ಮಾಡಿ ವಿಚಾರಿಸುವ ಸಂಶೋಧಕರೂ ಇರುತ್ತಾರೆ. ನೋವು ಇಳಿದಾಗ ಇವುಗಳಲ್ಲಿ ಯಾವುದು ಕೆಲಸ ಮಾಡಿತು?

ಬಿಡಿಸಿ ನೋಡಲು ಇರುವ ದಾರಿ ಹುಸಿ ತರಬೇತಿ. ಅರ್ಧ ಜನಕ್ಕೆ ಅವರದೇ ಮಿದುಳಿನ ಸಂಕೇತ ಕೇಳಿಸುತ್ತಾರೆ. ಉಳಿದರ್ಧಕ್ಕೆ ಅದೇ ಪಟ್ಟಿ, ಅದೇ ಆಟ. ಆದರೆ ಕೇಳಿಸುವುದು ಬೇರೊಬ್ಬರ, ಮೊದಲೇ ದಾಖಲಿಸಿಟ್ಟ ಸಂಕೇತ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿರುವುದಿಲ್ಲ, ನೋವನ್ನು ಅಳೆಯುವವರಿಗೂ ಗೊತ್ತಿರುವುದಿಲ್ಲ. ಎರಡೂ ಗುಂಪುಗಳಲ್ಲಿ ನೋವು ಒಂದೇ ಸಮನೆ ಇಳಿದರೆ, ಇಳಿಸಿದ್ದು ಅಲೆಯ ತರಬೇತಿಯಲ್ಲ.

ಈ ಪರೀಕ್ಷೆಯಲ್ಲಿ ನ್ಯೂರೋಫೀಡ್‌ಬ್ಯಾಕ್ ಬೇರೆ ಕಾಯಿಲೆಗಳಲ್ಲಿ ಎಡವಿದೆ. ಏಕಾಗ್ರತೆಯ ಕೊರತೆ ಮತ್ತು ಅತಿಚಟುವಟಿಕೆ ಇರುವ ಮಕ್ಕಳಿಗೆ ದಶಕಗಳಿಂದ ಇದನ್ನು ಕೊಡುತ್ತ ಬಂದಿದ್ದಾರೆ. ಅಮೆರಿಕದಲ್ಲಿ 144 ಮಕ್ಕಳ ಮೇಲೆ ಹುಸಿ ತರಬೇತಿಯೊಂದಿಗೆ ಹೋಲಿಸಿ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡೂ ಗುಂಪಿನ ಮಕ್ಕಳೂ ಸುಧಾರಿಸಿದರು, ವ್ಯತ್ಯಾಸ ಸಿಗಲಿಲ್ಲ. ಆಸ್ಟ್ರಿಯಾದಲ್ಲಿ ನಿದ್ರಾಹೀನತೆಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದ್ದೂ ಅದೇ ಕಥೆ. ಬೆನ್ನು ನೋವಿನದೇ ಇನ್ನೊಂದು ಪಾಠವಿದೆ. ಆಸ್ಟ್ರೇಲಿಯಾದಲ್ಲಿ 492 ಮಂದಿಯ ಮೇಲೆ ನಡೆದು 2023ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಫಿಸಿಯೋಥೆರಪಿಸ್ಟರು ನೋವಿನ ಬಗೆಗಿನ ತಿಳಿವಳಿಕೆ, ಚಲನೆಯ ಭಯ, ದಿನಚರಿ ಇವನ್ನೆಲ್ಲ ಒಟ್ಟಿಗೆ ತಿದ್ದುವ ಚಿಕಿತ್ಸೆ ಕೊಟ್ಟರು. ಒಂದು ಗುಂಪಿಗೆ ಇದರ ಜೊತೆಗೆ ಬೆನ್ನಿಗೆ ಅಂಟಿಸುವ ಚಲನೆಯ ಸಂವೇದಕದ ಫೀಡ್‌ಬ್ಯಾಕ್ ಕೂಡ ಇತ್ತು. ಎಂದಿನ ಆರೈಕೆಗಿಂತ ಎರಡೂ ಗುಂಪುಗಳು ಬಹಳ ಚೆನ್ನಾಗಿ ಸುಧಾರಿಸಿದವು, ಒಂದು ವರ್ಷದ ನಂತರವೂ ಆ ಲಾಭ ಉಳಿಯಿತು. ಸಂವೇದಕ ಇದ್ದದ್ದಕ್ಕೂ ಇಲ್ಲದ್ದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಫಲ ಕೊಟ್ಟದ್ದು ತಿಳಿವಳಿಕೆಯೊಂದಿಗೆ ನಡೆದ ಚಿಕಿತ್ಸೆ.

ಇದನ್ನು ಹೇಳಿದ ಮಾತ್ರಕ್ಕೆ ಹಣೆಪಟ್ಟಿ ನಿಷ್ಪ್ರಯೋಜಕ ಎಂದು ನಾನು ತೀರ್ಪು ಕೊಡುತ್ತಿಲ್ಲ. ನೋವು ಬೇರೆ, ಏಕಾಗ್ರತೆ ಬೇರೆ, ನೋವಿನಲ್ಲಿ ಗೆಲ್ಲಲೂಬಹುದು. ರೋಗಿಗೆ ಹಾನಿಯ ಸಂಭವವೂ ಕಡಿಮೆ. ಕೆಲವರಿಗೆ ತಲೆನೋವು, ದಣಿವು, ಕಿರಿಕಿರಿ ಕಾಣಿಸಿಕೊಳ್ಳುವುದುಂಟು. ಮೂರ್ಛೆರೋಗ ಇರುವವರು ವೈದ್ಯರ ಸಲಹೆಯಿಲ್ಲದೆ ಮುಟ್ಟಬಾರದು. ನನ್ನ ತಕರಾರು ಇರುವುದು ಕ್ರಮದ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಈ ನೋವಿಗೆ ತನ್ನ ಮೊದಲ ಮಾರ್ಗಸೂಚಿ ಹೊರಡಿಸಿತು. ನೋವಿನ ಬಗ್ಗೆ ಶಿಕ್ಷಣ, ವ್ಯಾಯಾಮ, ಕೈಯಿಂದ ಮಾಡುವ ಕೆಲವು ಚಿಕಿತ್ಸೆಗಳು, ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮನೋಚಿಕಿತ್ಸೆ, ಉರಿಯೂತ ತಗ್ಗಿಸುವ ಮಾತ್ರೆಗಳು ಅದರ ಸಲಹೆಯಲ್ಲಿವೆ. ಸೊಂಟದ ಬೆಲ್ಟ್, ಬೆನ್ನನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್, ಅಫೀಮು ಮೂಲದ ನೋವುನಿವಾರಕಗಳು ಬೇಡ ಎಂದಿದೆ. ದಿನಾ ನಡೆಯುವುದು, ನಿಧಾನವಾಗಿ ಬೆನ್ನಿನ ಸ್ನಾಯುಗಳಿಗೆ ಬಲ ತುಂಬುವುದು ಇವಕ್ಕೆ ಹಣೆಪಟ್ಟಿ ಜೊತೆಯಾಗಬಹುದು. ಇವುಗಳ ಜಾಗವನ್ನು ಅದು ಕಸಿದುಕೊಂಡರೆ ನಷ್ಟ ರೋಗಿಯದೇ.

ಅದಕ್ಕೂ ಮೊದಲು ವೈದ್ಯರು ತಳ್ಳಿಹಾಕಬೇಕಾದ ಕೆಲವು ಸಂಗತಿಗಳಿವೆ. ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದರೆ, ತೊಡೆಸಂದು ಜೋಮು ಹಿಡಿದರೆ, ಕಾಲಿನ ಬಲ ಕುಂದುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದಾಗಲೂ ಬಿಡದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದರೆ, ಬಿದ್ದ ಪೆಟ್ಟಿದ್ದರೆ ತಡಮಾಡಬಾರದು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನೂ ಮರೆಯುವಂತಿಲ್ಲ. ಇಂಥ ನೋವಿನ ಮುಂದೆ ಹಕ್ಕಿಯ ದನಿ ಕೇಳುತ್ತ ಕೂರುವುದು ಅಪಾಯ.

ಇನ್ನೊಂದು ವಿಷಯಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಪಟ್ಟಿ ದಾಖಲಿಸಿದ ಮಿದುಳಿನ ಮಾಹಿತಿ ಕಂಪನಿಯ ಸರ್ವರಿಗೆ ಹೋಗಿ ಕೂರಬಹುದು. ಚಿಲಿ ದೇಶ 2021ರಲ್ಲಿ ತನ್ನ ಸಂವಿಧಾನಕ್ಕೇ ತಿದ್ದುಪಡಿ ತಂದು ಮಿದುಳಿನ ಮಾಹಿತಿಗೆ ರಕ್ಷಣೆ ಕೊಟ್ಟಿತು. 2023ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಹಣೆಪಟ್ಟಿ ಬಳಸಿದ ಮಾಜಿ ಸೆನೆಟರ್ ಒಬ್ಬರ ಮಾಹಿತಿಯನ್ನು ಅಳಿಸುವಂತೆ ಎಮೋಟಿವ್ ಕಂಪನಿಗೆ ಆದೇಶಿಸಿತು. ಒಪ್ಪಿಗೆ ಒತ್ತುವ ಮುನ್ನ ಮಾಹಿತಿ ಎಲ್ಲಿ ಉಳಿಯುತ್ತದೆ, ಅಳಿಸಲು ಬರುತ್ತದೆಯೇ ಎಂದು ಓದಿ ನೋಡುವುದು ಒಳಿತು.

ಇಷ್ಟಾದ ಮೇಲೂ ಪ್ರಯತ್ನಿಸಿ ನೋಡಬೇಕೆನ್ನುವವರನ್ನು ನಾನು ತಡೆಯುವುದಿಲ್ಲ. ನೋವಿನಲ್ಲಿರುವವರ ಪ್ರಯತ್ನಕ್ಕೆ ಗೌರವ ಕೊಡಬೇಕು. ಕಟ್ಟುವ ಮೊದಲೇ ಎರಡು ಮೂರು ವಾರ, ಪ್ರತಿ ಸಂಜೆ ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಬರೆದಿಡಿ. ಆ ದಿನ ಎಷ್ಟು ನಡೆದಿರಿ, ಹೇಗೆ ಮಲಗಿದಿರಿ ಎಂಬುದನ್ನೂ ಸೇರಿಸಿ. ಆಮೇಲೆ ಅಭ್ಯಾಸ ಆರಂಭಿಸಿ, ಬರೆಯುವುದನ್ನು ಮುಂದುವರಿಸಿ. ನೋವಿನ ಸಂಶೋಧನೆಯಲ್ಲಿ ಸುಮಾರು ಎರಡು ಅಂಕದ ಅಥವಾ ನೂರಕ್ಕೆ 30ರಷ್ಟು ಇಳಿಕೆಯನ್ನು ರೋಗಿಗೆ ಅರ್ಥಪೂರ್ಣವಾದ ಬದಲಾವಣೆ ಎಂದು ಎಣಿಸುತ್ತಾರೆ. ಅದಕ್ಕಿಂತ ಕಡಿಮೆಯಾದದ್ದು ದಿನನಿತ್ಯದ ಏರಿಳಿತದಲ್ಲಿ ಕರಗಿಹೋಗುತ್ತದೆ. ಮಾತ್ರೆ ಬಳಸುತ್ತಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಎಷ್ಟು ಕೂತರೂ ಅಲೆ ತಿರುಗದವರೂ ಇದ್ದಾರೆ, ಅವರ ಸಂಖ್ಯೆ ಸಣ್ಣದಲ್ಲ. ಅದು ಅವರ ಶ್ರದ್ಧೆಯ ಕೊರತೆಯಿಂದ ಆದದ್ದಲ್ಲ.

ಕೊನೆಗೆ, ಒಳ್ಳೆಯ ತರಬೇತಿ ಕಾರ್ಯಕ್ರಮಗಳಲ್ಲಿ ಒಂದು ಹಂತವಿರುತ್ತದೆ: ಸದ್ದನ್ನು ನಿಲ್ಲಿಸಿ, ಪರದೆಯನ್ನು ಮುಚ್ಚಿ, ಅದೇ ಸ್ಥಿತಿಗೆ ತಮ್ಮಷ್ಟಕ್ಕೆ ಬರಲು ಕಲಿಯುವವರನ್ನು ಕೇಳುತ್ತಾರೆ. ನೋವು ಏಳುವುದು ಅಡುಗೆಮನೆಯಲ್ಲಿ ಬಗ್ಗಿದಾಗ, ಬಸ್ಸಿನಲ್ಲಿ ನಿಂತಾಗ, ನಾಟಿಗೆ ಇಳಿದಾಗ, ಹೊಲಿಗೆ ಯಂತ್ರದ ಮುಂದೆ ಎಂಟು ಗಂಟೆ ಕುಳಿತಾಗ. ಅಲ್ಲೆಲ್ಲ ಹಣೆಗೆ ಪಟ್ಟಿ ಇರುವುದಿಲ್ಲ. ಆ್ಯಪ್ ಕೊಳ್ಳುವ ಮುನ್ನ ಅದರಲ್ಲಿ ಈ ಹಂತ ಇದೆಯೇ ಎಂದು ಕೇಳಿ. ಪ್ರತಿ ತಿಂಗಳು ಚಂದಾ ಕಟ್ಟುತ್ತ ಕೊನೆಯಿಲ್ಲದೆ ಪಟ್ಟಿ ಕಟ್ಟಿಕೊಳ್ಳಬೇಕೆಂದರೆ, ಅಲ್ಲಿ ಕಲಿಸುವ ಉದ್ದೇಶವೇ ಇಲ್ಲ.